ಅಕ್ಕ ಕೇಳಿದ್ದು ಒಂದು ಭಾನುವಾರ

ದೇವರ ಸೇವೆಗಾಗಿ ಅಕ್ಕ ಮದುವೆಯನ್ನೇ ಬೇಡವೆಂದರು ಎಂದು ಮುಳಬಾಗಿಲಿನ ನಮ್ಮ ಚರ್ಚಿನ ಸಭೆಯಲ್ಲಿ ಎಲ್ಲರೂ ಹೇಳುತ್ತಾರೆ. ಕಳೆದ ತಿಂಗಳು ಅವರ ಸ್ಮರಣೆಯ ಕೂಟದಲ್ಲಿ ಆರು ಜನ ಎದ್ದು ನಿಂತು ಇದನ್ನೇ ಹೇಳಿದರು. ಆರು ಜನ ಒಂದೇ ಮಾತು ಹೇಳಿದ ಮಾತ್ರಕ್ಕೆ ಆರು ಸಾಕ್ಷಿ ಆಗುವುದಿಲ್ಲ. ಒಬ್ಬರು ಹೇಳಿದ್ದನ್ನು ಉಳಿದ ಐವರು ಪಾಠದಂತೆ ಒಪ್ಪಿಸಿರಲೂಬಹುದು. ಬೇಡ ಎನ್ನಬೇಕಾದರೆ ಮೊದಲು ಕೇಳುವವರು ಬರಬೇಕು. ಬಂದವರ ಎದುರು ಕೂರಲು ಒಂದು ದಿನ ಬಿಡುವಿರಬೇಕು. ಆ ದಿನ ಅಕ್ಕನಿಗೆ ಸಿಕ್ಕಿತ್ತೇ ಎಂದು ಆರರಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲ.

ನಾನು ಈಗ ಚರ್ಚಿಗೆ ಹೋಗುವವಳಲ್ಲ. ಅಮ್ಮ ಕರೆದಳೆಂದು ಹೋಗಿ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಮಾತುಗಳು ಮುಗಿದು ಎಲ್ಲರೂ ಟೀಗೆ ಎದ್ದಾಗ ಬಾಗಿಲ ಪಕ್ಕದ ಕಿಟಕಿಯಲ್ಲಿ ಪ್ರಾರ್ಥನೆಯ ಚೀಟಿ ಹಾಕುವ ಆ ಡಬ್ಬ ಕಂಡಿತು. ತಗಡಿನ ಬಿಸ್ಕತ್ತಿನ ಡಬ್ಬ, ಮುಚ್ಚಳದಲ್ಲಿ ಚೀಟಿ ತೂರುವಷ್ಟು ಸೀಳು, ಮೈಗೆ ಅಂಟಿಸಿದ್ದ ಕೆಂಪು ಹೊಳಪಿನ ಕಾಗದ. ಕಾಗದ ಬಿಳಿಚಿ ತಗಡಿಗೆ ತುಕ್ಕು ಹಿಡಿದಿತ್ತು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ತುಕ್ಕು, ಒಣಗಿದ ಮೈದಾ ಅಂಟು, ಎಲ್ಲೋ ತಳದಲ್ಲಿ ಇನ್ನೂ ಬಿಸ್ಕತ್ತು... ಹನ್ನೊಂದು ವರ್ಷದವಳಾಗಿ ನಾನು ಅದರೊಳಗೆ ಹಾಕಿದ್ದ ಚೀಟಿ ನೆನಪಾಯಿತು. ಒಳಗೆ ಏನೂ ಇರಲಿಲ್ಲ.

ಅಕ್ಕ ನನಗೆ ಸಂಬಂಧಿಯಲ್ಲ. ಚರ್ಚಿನ ಕಾಂಪೌಂಡಿನಲ್ಲಿ ಉದ್ದನೆಯ ಶೀಟಿನ ಕೋಣೆಯೊಂದಿತ್ತು. ಬೋರ್ಡಿನಲ್ಲಿ ಶಿಶುವಿಹಾರ ಎಂದು ಬರೆದಿದ್ದರೂ ಊರವರಿಗೆ ಅದು ‘ಬೇಬಿ ಸಿಟ್ಟಿಂಗು’. ಟೊಮೇಟೊ ಮಂಡಿಗೆ ಹೋಗುವ ಹೆಂಗಸರು, ಶಾಲೆಯ ಮೇಡಂಗಳು, ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಾಗಿದ್ದ ನನ್ನ ಅಮ್ಮ, ಇವರೆಲ್ಲ ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು ಓಡುತ್ತಿದ್ದರು. ಹದಿನಾಲ್ಕು ಮಕ್ಕಳಿಗೆ ಒಬ್ಬರೇ ಅಕ್ಕ. ನನ್ನ ತಮ್ಮ ಅಲ್ಲಿದ್ದ. ಪಕ್ಕದಲ್ಲೇ ಶಾಲೆಯಾದ್ದರಿಂದ ನಾನೂ ಮಧ್ಯಾಹ್ನ ಊಟಕ್ಕೆ ಬಂದು ಅಲ್ಲೇ ಕೂರುತ್ತಿದ್ದೆ, ಸಂಜೆ ಶಾಲೆ ಬಿಟ್ಟ ಮೇಲೂ ಅಲ್ಲೇ ಬಂದು ಅಮ್ಮನಿಗೆ ಕಾಯುತ್ತಿದ್ದೆ. ಎಲ್ಲದಕ್ಕೂ ಎದುರು ವಾದ ಹೂಡುತ್ತಿದ್ದ ನನ್ನನ್ನು ಅಕ್ಕ ‘ಲಾಯರಮ್ಮ’ ಎಂದೇ ಕರೆಯುತ್ತಿದ್ದರು. ಅಕ್ಕ ಹತ್ತಿರದ ನಂಗಲಿಯವರು. ಅವರ ತಾಯಿ ಅಲ್ಲೇ ಹೆದ್ದಾರಿ ಪಕ್ಕದ ಮನೆಯಲ್ಲಿದ್ದರು. ಅಕ್ಕ ಮಾತ್ರ ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ ಇರುತ್ತಿದ್ದರು. ಕೋಣೆಗೆ ಬಾಡಿಗೆ ಇರಲಿಲ್ಲ. ಬಾಡಿಗೆಯಿಲ್ಲದ ಋಣಕ್ಕೆ ಕೊನೆಯೂ ಇರುವುದಿಲ್ಲ ಎಂದು ನನಗೆ ಆಮೇಲೆ ಅರ್ಥವಾಯಿತು.

ಸೋಮವಾರದಿಂದ ಶನಿವಾರದವರೆಗೆ ಹದಿನಾಲ್ಕು ಮಕ್ಕಳ ಮೂಗು, ಮೂತ್ರ, ಹಾಲು, ಹಠ. ಬುಧವಾರ ಸಂಜೆ ಹೆಂಗಸರ ಪ್ರಾರ್ಥನೆಗೆ ಚಾಪೆ ಹಾಸುವುದು. ಶುಕ್ರವಾರ ಮನೆಮನೆಯ ಕೂಟ. ಶನಿವಾರ ಚರ್ಚು ಗುಡಿಸಿ ಒರೆಸಿ ಹೂವಿಡುವುದು, ಆಮೇಲೆ ಹಾಡಿನವರ ಜೊತೆ ಅಭ್ಯಾಸ. ಭಾನುವಾರ ಎಂಟಕ್ಕೆ ಸಂಡೇ ಸ್ಕೂಲು, ಹತ್ತಕ್ಕೆ ಆರಾಧನೆ, ಊಟವಾದ ಮೇಲೆ ಕಾಯಿಲೆಯವರನ್ನು ನೋಡಿ ಬರುವುದು, ಸಂಜೆ ಯುವಜನರ ಕೂಟ. ಇದರಲ್ಲಿ ಸಂಬಳ ಬರುತ್ತಿದ್ದದ್ದು ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಮಾತ್ರ. ಉಳಿದದ್ದಕ್ಕೆ ಹೊಗಳಿಕೆ ಬರುತ್ತಿತ್ತು. ‘ನಮ್ಮ ಅಕ್ಕನಿಗೆ ಸುಸ್ತೇ ಇಲ್ಲ’ ಎಂದು ಅಯ್ಯಗಾರು ಪೀಠದಿಂದಲೇ ಹೇಳುತ್ತಿದ್ದರು. ನಮ್ಮ ಕಡೆ ಪಾದ್ರಿಯನ್ನು ಅಯ್ಯಗಾರು ಎಂದೂ ಅವರ ಹೆಂಡತಿಯನ್ನು ಅಮ್ಮಗಾರು ಎಂದೂ ಕರೆಯುವುದು ರೂಢಿ.

ಸುಸ್ತು ಇತ್ತು. ನಾನು ಕಣ್ಣಾರೆ ಕಂಡಿದ್ದೇನೆ. ಮಧ್ಯಾಹ್ನ ಮಕ್ಕಳಿಗೆ ರಾಗಿ ಮುದ್ದೆಯ ಸಣ್ಣ ಸಣ್ಣ ಉಂಡೆ ನುಂಗಿಸಿ, ಸಾಲಾಗಿ ಚಾಪೆಯ ಮೇಲೆ ಮಲಗಿಸಿ, ಅಕ್ಕ ಬಾಗಿಲಿಗೆ ಅಡ್ಡಲಾಗಿ ತಾವೂ ಒರಗುತ್ತಿದ್ದರು. ಮಲಗುವ ಮುಂಚೆ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ನನ್ನ ತಮ್ಮ ಎದ್ದ ತಕ್ಷಣ ರಸ್ತೆಗೆ ಓಡುವ ಪೈಕಿ. ನಮ್ಮದು ಕ್ರೈಸ್ತರ ಮನೆಯಾದರೂ ಅಜ್ಜಿ ಅವನ ಉಡಿದಾರ ಬಿಚ್ಚಲು ಬಿಟ್ಟಿರಲಿಲ್ಲ. ಅಕ್ಕ ಹೂ ಕಟ್ಟುವ ದಾರದ ಒಂದು ತುದಿಯನ್ನು ಅವನ ಉಡಿದಾರಕ್ಕೂ ಇನ್ನೊಂದನ್ನು ತಮ್ಮ ಕಾಲಿನ ಹೆಬ್ಬೆರಳಿಗೂ ಕಟ್ಟಿಕೊಳ್ಳುತ್ತಿದ್ದರು. ಅವನು ಮಗ್ಗುಲು ಬದಲಿಸಿದರೂ ಅವರಿಗೆ ಎಚ್ಚರವಾಗುತ್ತಿತ್ತು. ‘ನಿಮ್ಮಜ್ಜಿ ದಾರ ಕಟ್ಟಿದ್ದು ದೃಷ್ಟಿಗೆ, ನನಗೆ ಬಂದಿದ್ದು ಉಪಯೋಗಕ್ಕೆ’ ಎಂದು ನಗುತ್ತಿದ್ದರು. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ.

ಆ ವರ್ಷ ಪಲಮನೇರಿನಿಂದ ಒಂದು ಸಂಬಂಧ ಬಂದಿತ್ತು. ಗಡಿ ದಾಟಿದರೆ ಪಲಮನೇರು, ನಂಗಲಿಗೆ ಬಸ್ಸಿನಲ್ಲಿ ಹತ್ತಿರ. ಹುಡುಗ ಅಲ್ಲಿ ಒಂದು ಸ್ಕೂಲಿನಲ್ಲಿ ಗುಮಾಸ್ತ. ಹೆಣ್ಣು ನೋಡಲು ಅವರಿಗೆ ಭಾನುವಾರವೇ ಆಗಬೇಕು. ಅಕ್ಕನಿಗೆ ಭಾನುವಾರ ಒಂದು ಬಿಟ್ಟು ಬೇರೆ ಯಾವ ದಿನವಾದರೂ ಆದೀತು ಎನ್ನುವಂತಿರಲಿಲ್ಲ, ಯಾವ ದಿನವೂ ಆಗುತ್ತಿರಲಿಲ್ಲ. ಮೊದಲ ಸಲ ಕ್ರಿಸ್ಮಸ್ ಹಾಡಿನ ಅಭ್ಯಾಸವೆಂದು ಮುಂದೂಡಿದರು. ಎರಡನೆಯ ಸಲ ಕೊಯ್ಲಿನ ಹಬ್ಬದ ಅಡುಗೆಗೆ ನಿಂತರು. ಪಲಮನೇರಿನವರು ಮೂರನೆಯ ಸಲ ಒಂದು ಭಾನುವಾರ ಗೊತ್ತು ಮಾಡಿ, ಇದೇ ಕೊನೆ ಎಂದು ಹೇಳಿ ಕಳಿಸಿದರು.

ಈ ಸಂಗತಿ ಅಕ್ಕ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದು, ನಾನು ಬಿಡದೆ ಕೇಳಿದ್ದರಿಂದ. ಒಂದು ಸಂಜೆ ಹಾಲಿನ ಬಾಟಲಿಗಳನ್ನು ತೊಳೆಯುತ್ತಾ ಅವರು ಕಣ್ಣೊರೆಸಿಕೊಂಡಿದ್ದನ್ನು ನೋಡಿಬಿಟ್ಟಿದ್ದೆ.

“ಮೂವತ್ತಮೂರು ಆಯ್ತು ಕಣೇ ನನಗೆ. ಒಂದೇ ಒಂದು ಭಾನುವಾರ ಬೇಕು. ಹೋಗಿ ಅವರ ಮುಂದೆ ಕೂತು ಬರ್ತೀನಿ. ಒಪ್ತಾರೋ ಬಿಡ್ತಾರೋ ಆಮೇಲಿನ ಮಾತು.”

“ಕೇಳಿ ಮತ್ತೆ. ಕೇಳಕ್ಕೇನು?”

“ಯಾರನ್ನ ಕೇಳಲೇ ಲಾಯರಮ್ಮ? ಅಮ್ಮಗಾರನ್ನ ಕೇಳಿದ್ರೆ ‘ದೇವರ ಕೆಲ್ಸಾನೇ ಭಾರ ಆಯ್ತಾ’ ಅಂತಾರೆ. ದೇವರನ್ನ ಕೇಳ್ತಾನೇ ಇದೀನಿ. ಆತ ಅಮ್ಮಗಾರಿಗೆ ಹೇಳ್ತಿಲ್ಲ.”

ಅವರು ನಕ್ಕರು. ನಾನು ನಗಲಿಲ್ಲ. ನನಗೆ ಅದರಲ್ಲಿ ಒಂದು ದಾರಿ ಕಂಡಿತ್ತು. ದೇವರಿಗೂ ಅಮ್ಮಗಾರಿಗೂ ಒಟ್ಟಿಗೇ ಮುಟ್ಟುವ ಜಾಗ ಇಡೀ ಮುಳಬಾಗಿಲಿನಲ್ಲಿ ಒಂದೇ ಇತ್ತು, ಆ ಬಿಸ್ಕತ್ತಿನ ಡಬ್ಬ. ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಅದಕ್ಕೆ ಹಾಕುತ್ತಿದ್ದರು. ತೆಗೆದು ಓದುತ್ತಿದ್ದದ್ದು ಅಮ್ಮಗಾರು. ಸಂಡೇ ಸ್ಕೂಲಿನಲ್ಲಿ ನಮಗೆ ಅವರೇ ಹೇಳಿದ್ದರು: “ನೀವು ಬರೆದಿದ್ದು ದೇವರಿಗೆ, ನನಗೆ. ಮೂರನೇ ಕಿವಿಗೆ ಬೀಳಲ್ಲ.” ನಾನು ಅದನ್ನು ನಂಬಿದೆ. ಹನ್ನೊಂದನೇ ವಯಸ್ಸಿನಲ್ಲಿ ದೊಡ್ಡವರ ಮಾತಿಗೆ ಆಧಾರ ಕೇಳಬೇಕೆಂದು ಯಾರೂ ಕಲಿಸಿರಲಿಲ್ಲ.

ಕಾಪಿ ಪುಸ್ತಕದ ಹಾಳೆ ಹರಿದು ನಾಲ್ಕು ಸಾಲು ಬರೆದೆ. ಇವತ್ತಿಗೂ ಒಂದಕ್ಷರ ಮರೆತಿಲ್ಲ. ‘ನಮ್ಮ ಬೇಬಿ ಸಿಟ್ಟಿಂಗ್ ಅಕ್ಕನಿಗೆ ತುಂಬಾ ಸುಸ್ತು. ಮಧ್ಯಾಹ್ನ ಮಕ್ಕಳ ಜೊತೆ ಅವರೂ ನಿದ್ದೆ ಹೋಗುತ್ತಾರೆ. ಬರುವ ಭಾನುವಾರ ಅವರನ್ನು ನೋಡಲು ನಂಗಲಿಗೆ ಪಲಮನೇರಿನವರು ಬರುತ್ತಾರೆ. ದಯವಿಟ್ಟು ಆ ಒಂದು ಭಾನುವಾರ ಅವರಿಗೆ ರಜೆ ಕೊಡಿಸಿ.’ ಎರಡನೇ ಸಾಲನ್ನು ಹಾಕಿದ್ದು ಸುಸ್ತಿಗೆ ಪುರಾವೆ ಇರಲಿ ಎಂದು. ಹೆಬ್ಬೆರಳಿನ ದಾರದ ವಿಷಯ ಬರೆಯಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಅಕ್ಕನೂ ಕೊನೆಗೆ ರಜೆ ಕೇಳದೇ ಒಂದು ಉಪಾಯ ಹೂಡಿದ್ದರು. ಆ ಭಾನುವಾರ ಆರಾಧನೆ ಮುಗಿದ ಕೂಡಲೇ ಸದ್ದಿಲ್ಲದೆ ಹೊರಟು ಹನ್ನೆರಡೂವರೆ ಬಸ್ಸು ಹಿಡಿಯುವುದು. ನೀಲಿ ರೇಷ್ಮೆ ಸೀರೆ ಉಟ್ಟು ಹಾಡಿನವರ ಸಾಲಿನಲ್ಲಿ ನಿಂತಿದ್ದರು. ಎಲ್ಲರೂ ತಿರುಗಿ ನೋಡುತ್ತಿದ್ದರು. ನನ್ನನ್ನು ನೋಡಿ ಹುಬ್ಬು ಹಾರಿಸಿದರು...

ಅಯ್ಯಗಾರ ಪ್ರಸಂಗ ಮುಗಿಯಿತು. ಅಮ್ಮಗಾರು ಮುಂದೆ ಬಂದರು. ಕೈಯಲ್ಲಿ ನನ್ನ ಹಾಳೆ. ಗೆರೆ ನೋಡಿಯೇ ಗುರುತಿಸಿದೆ. “ಒಂದು ಪುಟ್ಟ ಮಗು ಮನಸ್ಸಿನ ಭಾರದಿಂದ ಬರೆದಿದೆ,” ಎಂದರು. ಹಾಳೆಯನ್ನು ನಡುವೆ ಮಡಚಿ ಹಿಡಿದುಕೊಂಡು ಓದಿದರು. ಅಕ್ಕನಿಗೆ ತುಂಬಾ ಸುಸ್ತು. ಮಧ್ಯಾಹ್ನ ಮಕ್ಕಳ ಜೊತೆ ಅವರೂ ನಿದ್ದೆ ಹೋಗುತ್ತಾರೆ. ಅಲ್ಲಿಗೆ ನಿಲ್ಲಿಸಿದರು. ಉಳಿದರ್ಧ ಮಡಿಕೆಯ ಆ ಕಡೆ ಇತ್ತು.

ಹೆಸರು ಹೇಳಲಿಲ್ಲ ಎಂದು ಇವತ್ತಿಗೂ ಕೆಲವರು ವಾದಿಸುತ್ತಾರೆ. ಹದಿನಾಲ್ಕು ಮಕ್ಕಳಿಗೆ ಒಬ್ಬರೇ ಅಕ್ಕ ಇರುವಾಗ ಹೆಸರು ಯಾಕೆ ಬೇಕು?

ಹೆಂಗಸರ ಕಡೆ ಗುಸುಗುಸು ಎದ್ದಿತು. “ನಿದ್ದೇನಾ? ನಾವ್ ಮಂಡೀಲಿ ಕಣ್ಣು ಮುಚ್ಚಿದ್ರೆ ಸಾವ್ಕಾರ ಬಿಡ್ತಾನಾ?” ಎಂದು ಒಬ್ಬಳು. ನನ್ನ ಅಮ್ಮನೂ ಅಂದಳು: “ನೈಟ್ ಡ್ಯೂಟೀಲಿ ನಾನ್ ತೂಕಡಿಸಿದ್ರೆ ಸಸ್ಪೆಂಡು. ಇವಳು ನನ್ನ ಮಗನ್ನ ಬಿಟ್ಟು ಮಲಗ್ತಾಳಂತೆ.” ಸುಸ್ತು ಏನೆಂದು ಆ ಚರ್ಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವರೇ ಮೊದಲು ಬಾಯಿ ತೆರೆದರು.

ಅಮ್ಮಗಾರು ಅಕ್ಕನನ್ನು ಮುಂದೆ ಕರೆದು ಮೊಣಕಾಲೂರಿಸಿದರು. ಹಿರಿಯರೆಲ್ಲ ತಲೆಯ ಮೇಲೆ ಕೈಯಿಟ್ಟರು. ಸೋಮಾರಿತನದ ಆತ್ಮ ಬಿಟ್ಟು ಹೋಗಲೆಂದು ಜೋರಾಗಿ ಪ್ರಾರ್ಥಿಸಿದರು. ಆಮೇಲೆ ಸಂಜೆಯವರೆಗೂ ಅವರನ್ನು ಕೂರಿಸಿಕೊಂಡು ಉಪವಾಸ ಪ್ರಾರ್ಥನೆ. ಹನ್ನೆರಡೂವರೆ ಬಸ್ಸು ಹಾರನ್ ಹೊಡೆದುಕೊಂಡು ಚರ್ಚಿನ ಗೇಟಿನ ಮುಂದೆಯೇ ಹೋಯಿತು. ನಂಗಲಿಯಲ್ಲಿ ಪಲಮನೇರಿನವರು ನಾಲ್ಕರವರೆಗೆ ಕಾದು, ಅಕ್ಕನ ತಾಯಿ ಕೊಟ್ಟ ಕಾಫಿ ಕುಡಿದು, ಎದ್ದು ಹೋದರಂತೆ. ಮತ್ತೆ ಬರಲಿಲ್ಲ.

ಸಂಜೆ ಅಕ್ಕ ಹೊರಗೆ ಬಂದಾಗ ನಾನು ನಲ್ಲಿಯ ಹತ್ತಿರ ನಿಂತಿದ್ದೆ. ನೀಲಿ ಸೀರೆಯ ಮೊಣಕಾಲಿನ ಜಾಗ ಧೂಳಾಗಿತ್ತು. ನನ್ನ ಅಕ್ಷರ ತಿದ್ದಿಸಿದವರೇ ಅವರು. ಹಾಳೆಯನ್ನು ಅಷ್ಟು ಹತ್ತಿರದಿಂದ ಕಂಡಿದ್ದರು, ಗುರುತು ಸಿಗದೆ ಇರುತ್ತದೆಯೇ?

“ಕೇಸು ಗೆದ್ದುಬಿಟ್ಟೆ ಕಣೇ ಲಾಯರಮ್ಮ,” ಎಂದರು. ಅಷ್ಟೇ.

ನಾನು ನಲ್ಲಿ ತಿರುಗಿಸಿ, ತೊಳೆದ ಕೈಯನ್ನೇ ಮತ್ತೆ ತೊಳೆದೆ.

ಮುಂದಿನ ವಾರದಿಂದ ತಾಯಂದಿರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಕಮಿಟಿಯವರು ಸೇರಿ ಅಕ್ಕನಿಗೆ ‘ವಿಶ್ರಾಂತಿ’ ಕೊಟ್ಟರು, ಅದೇ ಪದ ಬಳಸಿದರು. ಸಂಬಳದ ಕೆಲಸದಿಂದ ವಿಶ್ರಾಂತಿ. ಚಾಪೆ, ಪೊರಕೆ, ಸಂಡೇ ಸ್ಕೂಲು, ಹಾಡು ಹಾಗೇ ಉಳಿದವು. ಹೊಸ ಹೆಂಗಸೊಬ್ಬರು ಬಂದು ಮಕ್ಕಳು ಮತ್ತೆ ಸೇರಿದ ಮೂರನೆಯ ದಿನ ನನ್ನ ತಮ್ಮ ಮಧ್ಯಾಹ್ನ ರಸ್ತೆಯ ಆ ಬದಿಗೆ ಸಿಕ್ಕಿದ. ಹೊಸಬರು ನಿದ್ದೆ ಮಾಡಿರಲಿಲ್ಲ, ದಾರವನ್ನೂ ಕಟ್ಟಿರಲಿಲ್ಲ. ಅಕ್ಕ ಆರು ತಿಂಗಳು ತಡೆದುಕೊಂಡು, ಮಾಲೂರಿನಲ್ಲಿ ಬಟ್ಟೆ ಫ್ಯಾಕ್ಟರಿಯೊಂದರ ಮಕ್ಕಳ ಕೋಣೆಗೆ ಕೆಲಸಕ್ಕೆ ಹೋದರು. ಅಲ್ಲಿಯೂ ಒಂದು ಸಭೆ ಸೇರಿದರಂತೆ. ಅಲ್ಲಿಯೂ ಹಾಡಿದರಂತೆ. ಅವರ ನಂಬಿಕೆ ನನಗೆ ಅರ್ಥವಾಗಿಲ್ಲ. ಅದನ್ನು ಆಡಿಕೊಳ್ಳುವ ಹಕ್ಕೂ ನನಗಿಲ್ಲ.

ಕಾಲೇಜಿನಲ್ಲಿದ್ದಾಗ ಮಾಲೂರಿಗೆ ಚರ್ಚಾಸ್ಪರ್ಧೆಗೆ ಹೋಗಿದ್ದೆ. ಬಹುಮಾನದ ಕಪ್ಪು ಕೈಯಲ್ಲಿ ಹಿಡಿದೇ ಆ ಫ್ಯಾಕ್ಟರಿಯ ಗೇಟಿಗೆ ಹೋಗಿ ಕಾದೆ. ಅಕ್ಕ ಬಂದರು, ಕೂದಲು ನೆರೆತಿತ್ತು, ಗುರುತು ಹಿಡಿದು ಕೆನ್ನೆ ಹಿಂಡಿದರು. ಗೇಟಿನ ಪಕ್ಕದ ಗಾಡಿಯಲ್ಲಿ ಬೋಂಡ ಕೊಡಿಸಿದರು. ನಾಲ್ಕೂ ಸಾಲನ್ನು ಅವರಿಗೆ ಬಾಯಿಪಾಠ ಒಪ್ಪಿಸಿದೆ. ಹಾಳೆ ಮಡಚಿದ್ದು ಹೇಳಿದೆ. ಅವರು ಬೋಂಡದ ಕಾಗದವನ್ನು ಸಣ್ಣಗೆ ಮಡಚುತ್ತಾ ಕೇಳಿಸಿಕೊಂಡರು.

“ಇರಬಹುದು ಕಣೇ,” ಎಂದರು. “ನನ್ನ ಕಿವಿಗೆ ಬಿದ್ದಿದ್ದು ಎರಡೇ ಸಾಲು.”

ಇರಬಹುದು ಎಂದರು. ಹೌದು ಎನ್ನಲಿಲ್ಲ. ಅವತ್ತು ಐನೂರು ಜನರನ್ನು ಒಪ್ಪಿಸಿ ಬಂದಿದ್ದ ನನಗೆ ಒಬ್ಬರನ್ನು ಒಪ್ಪಿಸಲಾಗಲಿಲ್ಲ. ಕಪ್ಪನ್ನು ನೋಡಿ ಖುಷಿಪಟ್ಟರು, ಮುಂದಿನ ಸಲ ಬಂದಾಗ ಊಟಕ್ಕೇ ಬಾ ಎಂದರು. ಮುಂದಿನ ಸಲ ನಾನು ಹೋಗಲಿಲ್ಲ... ಪುರಾವೆಗೆ ಆ ಹಾಳೆ ಸಿಕ್ಕಿದ ಮೇಲೆ ಹೋಗೋಣ ಎಂದುಕೊಂಡಿದ್ದೆ. ಕೋಲಾರದ ಆಸ್ಪತ್ರೆಯಲ್ಲಿ ಅವರ ಹೃದಯ ನಿಂತ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದಳು.

ಸ್ಮರಣೆಯ ಕೂಟದಲ್ಲಿ ಎದ್ದು ಮಾತಾಡಿದ ಆರು ಜನರಲ್ಲಿ ಮೊದಲನೆಯವರು ಅಮ್ಮಗಾರು. ಅಯ್ಯಗಾರು ತೀರಿಕೊಂಡು ವರ್ಷಗಳಾಗಿವೆ, ಇವರಿಗೂ ಈಗ ಕೋಲು ಬೇಕು. “ಸಂಬಂಧ ಬಂದ್ರೂ ಆಕೆ ಮನಸ್ಸು ಮಾಡ್ಲಿಲ್ಲ, ನನಗೆ ಗೊತ್ತು,” ಎಂದು ಹೇಳಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ಅದು ನಾಟಕವಲ್ಲ. ನನ್ನನ್ನು ಬಹಳ ಕಾಡುತ್ತಿರುವುದೂ ಅದೇ. ಅಕ್ಕ ಸಂಬಂಧದ ಮಾತನ್ನು ಅವರಿಗೆ ಎಂದೂ ಹೇಳಿರಲಿಲ್ಲ. ಆ ಸಂಬಂಧದ ಮಾತು ಇದ್ದದ್ದು ಒಂದು ಕಡೆ ಮಾತ್ರ, ನನ್ನ ಹಾಳೆಯ ಮೂರನೆಯ ಸಾಲಿನಲ್ಲಿ.

ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡೇ ಅಮ್ಮಗಾರ ಹತ್ತಿರ ಹೋದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು. ನನ್ನನ್ನು ನೋಡಿದರು. ಡಬ್ಬವನ್ನು ನೋಡಿದರು. ಬಿಸ್ಕತ್ತು ಮೆತ್ತಗಾಗಿ ಟೀಯೊಳಗೆ ಬಿತ್ತು, ತೆಗೆಯಲಿಲ್ಲ. ಬಗ್ಗಿ, ಅವರಿಗೆ ಮಾತ್ರ ಕೇಳುವಂತೆ ಕೇಳಿದೆ:

“ಅಮ್ಮಗಾರೂ, ಉಳಿದ ಎರಡು ಸಾಲನ್ನ ನೀವು ಓದಿದ್ದು ಹಾಳೆ ಮಡಚೋಕೆ ಮುಂಚೆನೇ ಅಲ್ವಾ?”