ಹೇಳಿಕೊಟ್ಟ ಬಯಕೆಗಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮದುವೆಯಾಗಿ ಮೊಳಕಾಲ್ಮುರು ತಾಲ್ಲೂಕಿಗೆ ಬಂದ ಎರಡನೇ ವರ್ಷ ಅಂಗನವಾಡಿ ಕೆಲಸ ಸಿಕ್ಕಿದಾಗ, ಚಳ್ಳಕೆರೆಯಲ್ಲಿದ್ದ ನನ್ನವ್ವ ಖುಷಿಪಡುವ ಬದಲು, "ಈ ಸಿಟ್ಟು ಇಟ್ಕೊಂಡು ಮಕ್ಕಳನ್ನ ಹೆಂಗೆ ಸಂಬಾಳಿಸ್ತೀಯೇ?" ಎಂದು ಕೇಳಿದ್ದಳು. ಮಕ್ಕಳು ನನಗೆ ಯಾವತ್ತೂ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟವರು ಬಸುರಿಯರ ಅತ್ತೆಯಂದಿರು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮೂರು ಬಿ.ಜಿ. ಕೆರೆಗೆ ಹತ್ತಿರ. ಶಾಲೆಯ ಹಿಂದಿನ ಒಂದು ಕೋಣೆಯೇ ಅಂಗನವಾಡಿ. ಬಸುರಿಯರು ವಾರಕ್ಕೊಮ್ಮೆ ಅಲ್ಲಿಗೆ ಬಂದು ಪೌಷ್ಟಿಕ ಹಿಟ್ಟು ಒಯ್ಯಬೇಕು. ತಿಂಗಳಿಗೊಮ್ಮೆ ನರ್ಸಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, ರಕ್ತ ಹೆಚ್ಚುವ ಗುಳಿಗೆ ಕೊಟ್ಟು ಹೋಗುತ್ತಿದ್ದರು. ಬಸುರಿಯರು ಅದನ್ನೆಲ್ಲ ತಿಂದರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ವಿಚಾರಿಸುವುದು ನನ್ನ ಪಾಲಿನ ಕೆಲಸ. ಹಿಟ್ಟು ಇಡೀ ಮನೆಗೆ ರೊಟ್ಟಿಯಾಗುತ್ತಿತ್ತು, ಗುಳಿಗೆ ಗೋಡೆಯ ಗೂಡು ಸೇರುತ್ತಿತ್ತು.

ಇದಕ್ಕೆ ಕಾರಣ ಜಿಪುಣತನ ಒಂದೇ ಅಲ್ಲ. ಬಸುರಿ ಹೊಟ್ಟೆತುಂಬ ಉಂಡರೆ ಕೂಸು ದಪ್ಪಗಾಗುತ್ತದೆ, ಹೆರಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುವುದು ಆ ಊರಿನ ಮುದುಕಿಯರಿಗೆಲ್ಲ ಗೊತ್ತಿದ್ದ ಸತ್ಯ. "ಕಮ್ಮಿ ಉಂಡ್ರೆ ಸಣ್ಣ ಕೂಸು, ಸಣ್ಣ ಕೂಸಾದ್ರೆ ಸಲೀಸು ಹೆರಿಗೆ" ಎಂದು ನನಗೇ ಪಾಠ ಹೇಳುತ್ತಿದ್ದರು. ನಾನು ಗೋಡೆಯ ಮೇಲಿನ ಚಿತ್ರಪಟ ತೋರಿಸಿ ತಿಳಿಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು.

ಬೀದಿಯ ಕೊನೆಯ ಮನೆಯ ಸೊಸೆ ಎರಡನೇ ಸಲ ಬಸುರಿಯಾದಳು. ಅವಳ ಮೊದಲ ಕೂಸು ಎಂಟು ದಿನವಷ್ಟೇ ಬದುಕಿತ್ತು. ಆ ಹೆರಿಗೆಯಲ್ಲಿ ಇವಳಿಗೂ ರಕ್ತ ಹೋಗಿ ಒಂದಿಡೀ ದಿನ ಎಚ್ಚರವಿರಲಿಲ್ಲ. ಐದನೇ ತಿಂಗಳಲ್ಲಿ ನರ್ಸಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನನ್ನನ್ನು ಹೊರಗೆ ಕರೆದರು.

"ಈ ಹುಡುಗಿ ಮೈಯಾಗೆ ರಕ್ತಾನೇ ಇಲ್ಲ. ಹಿಂಗೇ ಹೋದ್ರೆ ಹೆರಿಗೇಲಿ ಉಳಿಯಲ್ಲ. ಏನಾದ್ರೂ ಮಾಡಿ ತಿನ್ನಿಸು. ಹೆರಿಗೆ ಮಾತ್ರ ದವಾಖಾನೇಲೇ ಆಗ್ಬೇಕು."

ನಾನು ಸೀದಾ ಆ ಮನೆಗೆ ಹೋದೆ. ಅತ್ತೆ ಎತ್ತರದ ಹೆಂಗಸು. ಅವರ ಮನೆಯ ಮಾತು ತೆಲುಗು. ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರೂ ಸಿಟ್ಟು ಬಂದರೆ ತೆಲುಗಿಗೆ ಜಾರುತ್ತಿದ್ದಳು. ಕುರಿ, ಶೇಂಗಾ, ಮಗ, ಗಂಡ ಎಲ್ಲವೂ ಆಕೆಯ ಮಾತಿನಂತೆ ನಡೆಯಬೇಕು.

"ದೊಡ್ಡವ್ವ, ಸೊಸೆಗೆ ಮೂರು ಹೊತ್ತು ಹೊಟ್ಟೆತುಂಬ ಹಾಕ್ರಿ."

"ಎರಡು ಹೊತ್ತು ಹಾಕ್ತೀನಲ್ಲ. ಸಾಕು."

"ಕುರಿ ಗಬ್ಬಾದ್ರೆ ಎರಡು ಹಿಡಿ ಮೇವು ಜಾಸ್ತಿ ಹಾಕ್ತೀರಿ. ಸೊಸೆ ಕುರಿಗಿಂತ ಕಡೇನಾ?"

ಆಕೆ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ "ಪೋಮ್ಮಾ ಪೋ" ಎಂದು ಬಾಗಿಲ ಕಡೆ ಕೈ ತೋರಿಸಿದಳು. ನಾನು ಮನೆಗೆ ಬಂದು ನನ್ನ ಗಂಡನ ಮುಂದೆ ಆಕೆಯನ್ನು ಬಾಯಿಗೆ ಬಂದಂತೆ ಬೈದೆ. ಸೊಸೆಯ ಹೊಟ್ಟೆಗೆ ಹಾಕದೆ ಉಳಿಸುವ ಮಾರಿ ಎಂದೆ. ಆ ಮಾತಿಗೆ ಈಗಲೂ ನಾಚಿಕೆಪಡುತ್ತೇನೆ.

ಎರಡು ದಿನ ಯೋಚಿಸಿದ ಮೇಲೆ ದಾರಿ ಹೊಳೆಯಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಅದೇ ಊರು ಅಷ್ಟೇ ಗಟ್ಟಿಯಾಗಿ ಇನ್ನೊಂದನ್ನೂ ನಂಬಿತ್ತು. ಬಸುರಿ ಬಾಯಿಬಿಟ್ಟು ಕೇಳಿದ ಬಯಕೆಯನ್ನು ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಆ ಪಾಪಕ್ಕೆ ಎಂಥ ಜಿಪುಣರೂ ಹೆದರುತ್ತಿದ್ದರು.

ಹಿಟ್ಟು ಒಯ್ಯಲು ಬಂದ ಸೊಸೆಯನ್ನು ಚೀಲಗಳ ಮರೆಯಲ್ಲಿ ಕೂರಿಸಿಕೊಂಡೆ.

"ನಾಳೆ ನಿಮ್ಮತ್ತೆ ಮುಂದೆ, ನುಗ್ಗೆಸೊಪ್ಪು ತಿನ್ನೋ ಆಸೆ ಆಗೈತೆ ಅನ್ನು."

"ಸುಳ್ಳು ಹೇಳಾದೇನಕ್ಕ?"

"ನಿಂಗೆ ಹಸಿವಾಗಲ್ವೇನು?"

ಅವಳು ತಲೆ ತಗ್ಗಿಸಿದಳು. "ಆಗ್ತೈತೆ."

"ಮತ್ತೆ ಸುಳ್ಳು ಎಲ್ಲಿಂದ ಬಂತು?"

ಮಾರನೇ ದಿನವೇ ನುಗ್ಗೆಸೊಪ್ಪಿನ ಪಲ್ಯವಾಯಿತು. ಮುಂದಿನ ವಾರ ಮೊಟ್ಟೆ. ಅದರ ಮುಂದಿನ ವಾರ ಶೇಂಗಾ ಉಂಡೆ. ಬಯಕೆಯ ಸುದ್ದಿ ಬೀದಿಗೆಲ್ಲ ಹರಡಿ, ಅಕ್ಕಪಕ್ಕದವರೂ ಬಟ್ಟಲು ಹಿಡಿದು ಬಂದರು. ಆ ಊರು ಬಸುರಿಯನ್ನು ಉಪವಾಸ ಕೆಡವಬಲ್ಲದು, ಬಯಕೆ ಎಂದರೆ ಮಾತ್ರ ಮನೆಯ ಕೊನೇ ಮೊಟ್ಟೆಯನ್ನೂ ತಂದುಕೊಡುತ್ತದೆ. ಹಾಲಿನ ವಾರ ಕಳೆದು ಕುರಿಯ ಈಲಿಯ, ಅಂದರೆ ಲಿವರಿನ, ವಾರ ಬರುವ ಹೊತ್ತಿಗೆ ಹುಡುಗಿಯ ತುಟಿಗೆ ಒಂದಿಷ್ಟು ಬಣ್ಣ ಬಂದಿತ್ತು. ಈಲಿ ಆದ ಮೇಲೆ ಮತ್ತೆ ಸೊಪ್ಪಿನಿಂದ ಶುರು ಮಾಡಿಸಿದೆ. ಗುಳಿಗೆಯನ್ನು ನನ್ನ ಕಣ್ಣೆದುರಿಗೇ ನುಂಗಿಸಿ ಕಳಿಸುತ್ತಿದ್ದೆ. ನನ್ನಂಥ ಜಾಣೆ ತಾಲ್ಲೂಕಿನಲ್ಲೇ ಇಲ್ಲವೆಂದು ನಾನು ಬೀಗುತ್ತಿದ್ದೆ.

ಎಂಟನೇ ತಿಂಗಳಲ್ಲಿ ಒಂದು ದಿನ ಹಿಟ್ಟು ಒಯ್ಯಲು ಅತ್ತೆಯೇ ಬಂದಳು. ನಾನು ಅಳೆದು ಕೊಡುತ್ತಿದ್ದರೆ ಆಕೆ ಗೋಡೆಯ ಚಿತ್ರಪಟದ ಮುಂದೆ ನಿಂತಿದ್ದಳು. ಆಕೆಗೆ ಅಕ್ಷರ ಬಾರದು. ಬೆರಳಿಟ್ಟು ಒಂದೊಂದೇ ಚಿತ್ರ ನೋಡುತ್ತಾ ಹೋದಳು.

"ಸೊಪ್ಪು. ಮೊಟ್ಟೆ. ಶೇಂಗಾ. ಹಾಲು. ಈಲಿ."

ನನ್ನ ಕೈಯ ಸೇರು ಅಲ್ಲೇ ನಿಂತಿತು. ಬಯಕೆಗಳನ್ನು ನಾನು ಪಟದಲ್ಲಿದ್ದ ಸಾಲಿನಲ್ಲೇ ಹೇಳಿಕೊಟ್ಟಿದ್ದೆ. ಒಂದನ್ನು ಹಿಂದೆ ಒಂದನ್ನು ಮುಂದೆ ಮಾಡುವ ಬುದ್ಧಿಯೂ ಈ ಜಾಣೆಗೆ ಬಂದಿರಲಿಲ್ಲ.

ಆಕೆಯ ಬೆರಳು ಕೊನೆಯ ಚಿತ್ರಕ್ಕೆ ಬಂತು. ಅಲ್ಲಿ ಆಸ್ಪತ್ರೆಯ ಮಂಚದ ಮೇಲೆ ಒಬ್ಬ ಬಾಣಂತಿ ಮಲಗಿದ್ದಳು. "ಟೀಚರಮ್ಮ, ಮುಂದಿನ ವಾರ ಇದರ ಬಯಕೇನಾ?"

ನಾನು ಬೈಗುಳಕ್ಕೆ ಸಿದ್ಧಳಾದೆ. ಆಕೆ ಬೈಯಲಿಲ್ಲ. ಹಿಟ್ಟಿನ ಚೀಲಕ್ಕೆ ಒರಗಿ ಕೂತಳು.

"ನಂಗೊಬ್ಬಳು ಮಗಳಿದ್ಲು. ಚೊಚ್ಚಲಿಗೆ ಕರ್ಕೊಂಡು ಬಂದಿದ್ದೆ. ಕೇಳಿದ್ದೆಲ್ಲ ಮಾಡಿ ಹಾಕ್ದೆ, ಹೊಟ್ಟೆತುಂಬ ಹಾಕ್ದೆ. ಕೂಸು ದಪ್ಪ ಆತು. ಎರಡು ದಿನ ಒದ್ದಾಡಿದ್ಲು. ಕೂಸೂ ಬರ್ಲಿಲ್ಲ, ಅವಳೂ ಉಳೀಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನೇ ಕೈಯಾರೆ ಉಣ್ಣಿಸಿ ಕೊಂದೆ. ಇವಳಾದ್ರೂ ಉಳೀಲಿ ಅಂತ ಕಮ್ಮಿ ಹಾಕ್ತಿದ್ದೆ. ನೀನು ನೋಡಿದ್ರೆ ಕುರಿ ಕತೆ ಹೇಳ್ದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಊರಿನ ಬಸುರಿಯರ ತೂಕವೆಲ್ಲ ನನ್ನ ಪುಸ್ತಕದಲ್ಲಿತ್ತು, ಈ ತಾಯಿಯ ಮಗಳು ಸತ್ತದ್ದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಆಕೆಯ ಪಕ್ಕ ಕೂತು, ಊಟದಿಂದ ಹಾಗಾಗಿರಲಿಕ್ಕಿಲ್ಲ, ಕೂಸು ಅಡ್ಡ ತಿರುಗಿದ್ದರೂ ಬರುವುದಿಲ್ಲ, ಅಂಥ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ತೆಗೆಯುತ್ತಾರೆ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಆಕೆಯ ಮುಂದಿನ ಪ್ರಶ್ನೆ ಏನೆಂದು ನನಗೆ ತಿಳಿದುಹೋಯಿತು.

"ಅವತ್ತು ಕರ್ಕೊಂಡು ಹೋಗಿದ್ರೆ ಉಳೀತಿದ್ಲಾ?"

ಇಲ್ಲ ಎಂದುಬಿಟ್ಟಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು. ಆದರೆ ಆಕೆಯ ಮನೆಯಲ್ಲಿ ಇನ್ನೊಬ್ಬಳು ಹುಡುಗಿ ಎಂಟು ತಿಂಗಳ ಬಸುರಿಯಾಗಿ ಕೂತಿದ್ದಳಲ್ಲ.

"ಉಳೀತಿದ್ಲೇನೋ, ದೊಡ್ಡವ್ವ."

ಆಕೆ ಅಳುತ್ತಲೇ ಹಿಟ್ಟು ಕಟ್ಟಿಕೊಂಡು ಎದ್ದು ಹೋದಳು. ಅಂದು ನನಗೆ ಊಟ ಸೇರಲಿಲ್ಲ.

ಮುಂದಿನ ವಾರ ಬೀದಿಯೆಲ್ಲ ನಗುತ್ತಿತ್ತು. ಸೊಸೆಗೆ ಚಳ್ಳಕೆರೆ ದೊಡ್ಡಾಸ್ಪತ್ರೆಯಲ್ಲಿ ಹೆರುವ ಬಯಕೆಯಾಗಿದೆ ಎಂದು ಅತ್ತೆಯೇ ಸಾರಿದ್ದಳಂತೆ. ಇಂಥ ಬಯಕೆ ಎಲ್ಲಾದರೂ ಉಂಟೇ ಎಂದು ಮಾವ ಗೊಣಗಿದಾಗ ಆಕೆ, "ಕೂಸಿನ ಕಿವಿ ಸೋರಿದ್ರೆ ನೀನು ಒರೆಸ್ತೀಯಾ?" ಎಂದು ಬಾಯಿ ಮುಚ್ಚಿಸಿದ್ದಳು.

ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಹೆದ್ದಾರಿಯವರೆಗೆ ಟ್ರ್ಯಾಕ್ಟರಿನಲ್ಲಿ ಹೋಗಿ ಚಳ್ಳಕೆರೆ ಬಸ್ಸಿಗೆ ಕೈ ಅಡ್ಡ ಹಾಕಿದೆವು. ಕಂಡಕ್ಟರು ಮುಂದಿನ ಸೀಟಿನವರನ್ನು ಎಬ್ಬಿಸಿದ. ಬುರ್ಖಾ ಹಾಕಿದ್ದ, ಚಳ್ಳಕೆರೆಯ ಒಬ್ಬ ಹಿರಿಯ ಹೆಂಗಸು ಮಾತ್ರ ಏಳದೆ, ಹುಡುಗಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು "ಡರ್ ನಕ್ಕೊ ಬೇಟಿ" ಎಂದು ಧೈರ್ಯ ಹೇಳುತ್ತಾ ಹಣೆ ಸವರುತ್ತಿದ್ದಳು. ಡ್ರೈವರು ನಿಲ್ದಾಣಕ್ಕೆ ಹೋಗದೆ ಬಸ್ಸನ್ನು ನೇರ ಆಸ್ಪತ್ರೆಯ ಗೇಟಿಗೆ ತಂದ. ಒಬ್ಬ ಪ್ರಯಾಣಿಕನೂ ತಕರಾರು ಎತ್ತಲಿಲ್ಲ. ಅತ್ತೆ ದಾರಿಯುದ್ದಕ್ಕೂ ಸೊಸೆಯ ಕೈ ಹಿಡಿದಿದ್ದಳು.

ಇಳಿಹೊತ್ತಿಗೆ ಹೆರಿಗೆ ಕೋಣೆಯಿಂದ ನರ್ಸು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹಿಡಿದು ನಗುತ್ತಾ ಬಂದಳು.

"ತಗೊಳ್ಳಿ ಅಜ್ಜಿ, ಹೆಣ್ಣು ಮಗು. ಗುಂಡಗೆ ದಪ್ಪಕ್ಕೈತೆ ನೋಡ್ರಿ."

ದಪ್ಪ ಎನ್ನುವ ಮಾತು ಕಿವಿಗೆ ಬಿದ್ದದ್ದೇ ಅತ್ತೆಯ ಮುಖದ ರಕ್ತ ಇಳಿದುಹೋಯಿತು. ಎರಡು ಹೆಜ್ಜೆ ಹಿಂದೆ ಸರಿದಳು. ಕೂಸಿನ ಕಡೆ ನೋಡಲೇ ಇಲ್ಲ.

"ನಮ್ಮ ಹುಡುಗಿ?"

"ಚೆನ್ನಾಗವ್ರೆ, ಅಜ್ಜಿ."

"ಮಾತಾಡ್ತಾಳಾ?"

ನರ್ಸು ಉತ್ತರ ಕೊಡುವ ಮೊದಲೇ ಆಕೆ ಬಾಗಿಲಿಗೆ ಹೋಗಿ, ಆಸ್ಪತ್ರೆಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು. "ಏನೇ! ಏನಾರಾ ಬೇಕೇನೇ?"

ಒಳಗಿನಿಂದ ಸಣ್ಣ ದನಿಯೊಂದು ಬಂತು.

"ಹಸಿವಾಗೈತೆ, ಅತ್ತೆ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಆಮೇಲೆ ಕೂಸಿಗಾಗಿ ಎರಡೂ ಕೈ ಚಾಚಿದಳು.