ಮೊಟ್ಟೆ ತೆಗೆದುಕೊಳ್ಳುವ ವಕೀಲರು

ಇತ್ತೋ ಎಂಬ ಬೆಟ್ಟದ ಹೆಂಗಸು ಲಹ್ಸೆನ್ ವಕೀಲರನ್ನು ಮೊದಲು ಕಂಡದ್ದು ಬುಧವಾರದ ಸಂತೆಯಲ್ಲಿ, ಹಲ್ಲು ಕೀಳುವವನ ಡೇರೆಗೂ ಫಾದ್ಮಾಳ ಚಹಾ ಡೇರೆಗೂ ನಡುವೆ. ಬೆಳಿಗ್ಗೆ ಆಲಿಕಲ್ಲು ಬಿದ್ದು ಆಗಷ್ಟೇ ನಿಂತಿತ್ತು. ಅಟ್ಲಾಸ್ ಬೆಟ್ಟದ ತುದಿಯಲ್ಲಿ ಇನ್ನೂ ಹಿಮವಿತ್ತು, ಸಂತೆಯ ನೆಲದಲ್ಲಿ ಬರೀ ಕೆಸರು. ಎರಡು ಗೂಟಕ್ಕೆ ಕಟ್ಟಿದ ನೀಲಿ ತಾಡಪಾಲಿನ ಕೆಳಗೆ, ಕಂದು ಬಣ್ಣದ ಉಣ್ಣೆಯ ನಿಲುವಂಗಿ ತೊಟ್ಟ ಒಬ್ಬರು ಕೂತು ಆಲಿವ್ ಕಾಯಿ ತಿನ್ನುತ್ತಿದ್ದರು. ಬೀಜಗಳನ್ನು ನೆಲಕ್ಕೆ ಉಗಿಯದೆ ಎಡ ಅಂಗೈಯಲ್ಲಿ ಕೂಡಿಡುತ್ತಿದ್ದರು. ಬೂಟಿನ ತುಂಬ ಕೆಸರು. ಎದುರಿಗೆ ಮಾರುವ ಸಾಮಾನು ಒಂದೂ ಇರಲಿಲ್ಲ. ಅದೇ ಇತ್ತೋಳನ್ನು ನಿಲ್ಲಿಸಿತು.

"ಏನು ಮಾರ್ತೀಯಪ್ಪ ನೀನು?" ಎಂದು ಕೇಳಿದಳು. ಹೊಟ್ಟೆನೋವಿನ ಬೇರು ಮಾರುವವನಿರಬೇಕು ಎಂದುಕೊಂಡಿದ್ದಳು. ಅವಳ ಅತ್ತೆಗೆ ಅದು ಬೇಕಿತ್ತು.

"ಏನೂ ಇಲ್ಲ ಲಾಲ್ಲಾ," ಎಂದರು ಅವರು, ಅಮ್ಮಾ ಎನ್ನುವ ಹಾಗೆ. "ನಾನು ವಕೀಲ."

"ವಕೀಲರು ಪಟ್ಟಣದಲ್ಲಿರ್ತಾರೆ. ಅವರಿಗೆ ಗಾಜಿನ ಬಾಗಿಲು ಇರುತ್ತೆ."

"ನಂಗೂ ಇದೆ. ಅರ್ಧ ಒಡೆದುಹೋಗಿದೆ."

ಪಕ್ಕದ ಡೇರೆಯಿಂದ ಫಾದ್ಮಾ ಕೂಗಿದಳು: "ನಿಜ ಕಣೇ ತಂಗಿ! ಚೀಲದಲ್ಲಿ ಕರಿ ಗೌನು ಇಟ್ಕೊಂಡಿದಾನೆ. ತೋರ್ಸೋ ಲಹ್ಸೆನ್, ನಾಚ್ಕೋಬೇಡ. ಹೋದ ವಾರ ಪೊಲೀಸಿನವನೂ ಇಣುಕಿ ನೋಡ್ಕೊಂಡೇ ಹೋದ."

ಅವರು ಪ್ಲಾಸ್ಟಿಕ್ ಚೀಲದಿಂದ ಗೌನನ್ನು ಅರ್ಧ ಹೊರಗೆಳೆದು ತೋರಿಸಿದರು. ಕುತ್ತಿಗೆಯ ಬಿಳಿ ಪಟ್ಟಿಯನ್ನು ಇತ್ತೋ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಇಸ್ತ್ರಿ ಮಾಡಿತ್ತು. ಲಹ್ಸೆನ್ ತಮಗಿದ್ದ ಒಂದೇ ಸ್ಟೂಲನ್ನು ಅವಳತ್ತ ತಳ್ಳಿ, ತಾವು ಫಾದ್ಮಾಳ ಪುದೀನದ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ಕೂತರು. ಹೇಳುವುದಕ್ಕೆಂದು ಬಂದವಳಲ್ಲ ಅವಳು. ಆದರೆ ಕೂರಲು ಜಾಗ ಕೊಟ್ಟ ಮೇಲೆ ಕೂರಬೇಕಾಯಿತು, ಕೂತ ಮೇಲೆ ಫಾದ್ಮಾ ಚಹಾ ತಂದಿಟ್ಟಳು, ಮಾತು ತಾನಾಗಿ ಬಂತು.

ಅವಳ ಗಂಡ ಝಾಯಿದ್ ಕರಾವಳಿಯ ಊರೊಂದರಲ್ಲಿ ಗೋಡೆ ಕಟ್ಟುತ್ತಿದ್ದಾಗ ಬಿದ್ದು ಸತ್ತಿದ್ದ. ಅವರ ಮದುವೆಗೆ ಕಾಗದವಿರಲಿಲ್ಲ. ಡೇರೆಯೊಳಗೆ ಮುದುಕ ಸೀದಿ ಅಲ್ಲಾಲ್ ಕುರಾನಿನ ಫಾತಿಹಾ ಓದಿದ್ದ, ಎರಡು ಕುರಿ ಕೊಯ್ದಿದ್ದರು, ಅಷ್ಟೇ. ಬೆಟ್ಟದಲ್ಲಿ ಎಲ್ಲರ ಮದುವೆಯೂ ಹಾಗೆಯೇ ಆಗುತ್ತಿತ್ತು. ಈಗ ಮಗಳು ಇಝಾ ಊರಿನ ಶಾಲೆಯ ಕೊನೆಯ ತರಗತಿಯಲ್ಲಿದ್ದಳು. ಮುಂದೆ ಓದಬೇಕೆಂದರೆ ಪಟ್ಟಣದ ಹೆಣ್ಣುಮಕ್ಕಳ ವಸತಿಗೃಹದಲ್ಲಿ ಇರಬೇಕು. ಅಲ್ಲಿ ಅಪ್ಪನ ಹೆಸರು ಕೇಳುತ್ತಾರೆ, ಬಾಯಲ್ಲಿ ಹೇಳಿದರೆ ಸಾಲದು. ತಾಯಿಯ ಮದುವೆ ಸಾಬೀತಾಗದೆ ಮಗಳಿಗೆ ಅಪ್ಪನಿಲ್ಲ.

"ಮದುವೇಗೆ ಜನ ಬಂದಿದ್ರಾ?" ಲಹ್ಸೆನ್ ಕೇಳಿದರು.

"ಬಂದಿದ್ರಾ ಅಂತೀಯಲ್ಲ! ಇಡೀ ಬೆಟ್ಟವೇ ಇಳಿದು ಬಂದಿತ್ತು. ಕುಣಿದ ಕುಣಿತಕ್ಕೆ ಡೇರೆ ಹಗ್ಗ ಕಿತ್ತುಬಂತು."

"ಅವರಲ್ಲಿ ಹನ್ನೆರಡು ಜನ ಗಂಡಸರು ನ್ಯಾಯಾಧೀಶರ ಮುಂದೆ ಬಂದು, ಹೌದು ಕಂಡಿದ್ದೀವಿ ಅಂದ್ರೆ ಸಾಕು."

"ನಿಂಗೇನು ಕೊಡ್ಬೇಕು?"

"ಏನೂ ಬೇಡ."

ಇತ್ತೋ ಸ್ಟೂಲಿನಿಂದ ಎದ್ದೇಬಿಟ್ಟಳು. "ನಾನು ಬೇಡೋಕೆ ಬಂದೋಳಲ್ಲ."

"ನಾನೂ ದಾನ ಮಾಡೋಕೆ ಕೂತೋನಲ್ಲ. ಕೂತ್ಕೊಳ್ಳಿ, ಚಹಾ ಆರಿಹೋಗುತ್ತೆ."

ಅವಳು ಮತ್ತೆ ಕೂತಳು. ಆದರೆ ಆ ಕ್ಷಣದಿಂದ ಅವಳ ಮಾತು ಸಣ್ಣದಾಯಿತು. ಅಲ್ಲಿಯವರೆಗೆ "ನೀನು" ಎಂದು ಕೇಳಿದ್ದವಳು, ಮನೆಗೆ ಹೊರಡುವಾಗ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೋದಳು.

ಹನ್ನೆರಡು ಜನರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಝಾಯಿದ್ ಎಂದರೆ ಎಲ್ಲರಿಗೂ ಇಷ್ಟ. ಲಹ್ಸೆನ್ ಓಡಾಡಿ ಬೇಸಿಗೆಯ ರಜೆಗೆ ಮೊದಲೇ ವಿಚಾರಣೆಯ ದಿನ ಗೊತ್ತು ಮಾಡಿಸಿದರು. ಇಝಾಳ ಪರೀಕ್ಷೆ ಮುಗಿದಿತ್ತು, ತರಗತಿಗೆ ಅವಳೇ ಮೊದಲು. ಎಲ್ಲವೂ ಕೂಡಿಬಂದ ಹಾಗಿತ್ತು.

ಅಷ್ಟರಲ್ಲಿ ಊರ ಹಿರಿಯರು ಅಗ್ದಲ್ ತೆರೆಯುವ ದಿನ ಸಾರಿದರು. ಮೇಲಿನ ಆ ಹುಲ್ಲುಗಾವಲನ್ನು ಹುಲ್ಲು ಬಲಿಯಲೆಂದು ವಸಂತದುದ್ದಕ್ಕೂ ಮುಚ್ಚಿರುತ್ತಾರೆ. ತೆರೆಯುವ ದಿನ ಬೆಳಕು ಹರಿಯುತ್ತಲೇ ಮನೆಮನೆಯೂ ಕುರಿ ಹೊಡೆದುಕೊಂಡು ಮೇಲೇರಬೇಕು. ಮೊದಲು ಹೋದವನಿಗೆ ನೀರಿನ ಪಕ್ಕದ ಜಾಗ, ಮಾರನೆಯ ದಿನ ಹೋದವನಿಗೆ ಬೇಸಿಗೆ ಕಳೆಯುವವರೆಗೂ ಕಲ್ಲು. ಅಗ್ದಲ್ ತೆರೆಯುವ ದಿನವೂ ವಿಚಾರಣೆಯ ದಿನವೂ ಒಂದೇ ಆಗಿತ್ತು.

ಸಾಕ್ಷಿ ಹೇಳಬೇಕಾಗಿದ್ದವರಲ್ಲಿ ಹಿರಿಯನಾದ ಝಾಯಿದನ ಅಣ್ಣ ಮಿಮೌನ್ ಬಂದು ಹೇಳಿದ: "ನಿನ್ನ ವಕೀಲನಿಗೆ ಹೇಳಿ ದಿನ ಬದಲಾಯಿಸ್ಕೊಂಡು ಬಾ ತಂಗಿ. ಒಂದು ವಾರ ಆಚೆಗೆ ಹಾಕಿಸ್ಲಿ. ನಾವು ಬಂದೇ ಬರ್ತೀವಿ."

ಆ ಬುಧವಾರ ಅವಳು ಸಂತೆಗೆ ಹೋದಳು. ನೀಲಿ ತಾಡಪಾಲಿನ ಮುಂದೆ ಜನ ಸಾಲುಗಟ್ಟಿದ್ದರು. ಅತ್ತೆ ಮನೆಯಲ್ಲಿ ಅಂದ ಮಾತು ಅವಳ ಕಿವಿಯಲ್ಲೇ ಇತ್ತು: "ಬಿಟ್ಟಿ ದುಡಿಯೋ ಮನುಷ್ಯನಿಗೆ ಇವತ್ತು ಬೇಡ, ನಾಳೆ ಬಾ ಅನ್ನೋಕೆ ನಿಂಗೆ ಬಾಯಿ ಹೇಗೆ ಬರುತ್ತೆ? ಸಿಟ್ಟಾಗಿ ಕೈಬಿಟ್ರೆ?" ಅವಳ ಸರದಿ ಬಂದಾಗ ಲಹ್ಸೆನ್ ಕಣ್ಣುಜ್ಜಿಕೊಳ್ಳುತ್ತಿದ್ದರು. ಗಂಟಲು ಕೂತಿತ್ತು.

"ಎಲ್ಲಾ ಸರಿಯಿದೆಯಾ ಲಾಲ್ಲಾ?"

"ಸರಿಯಿದೆ ಉಸ್ತಾದ್. ದೇವರು ನಿಮ್ಮ ತಂದೆತಾಯಿಗೆ ಒಳ್ಳೇದು ಮಾಡ್ಲಿ."

ಅಷ್ಟೇ ಹೇಳಿ ಬಂದಳು. ಮಿಮೌನ್ ಕೇಳಿದಾಗ ಇಲ್ಲವೆಂದು ಸಣ್ಣಗೆ ತಲೆಯಾಡಿಸಿದಳು. ಅದನ್ನು ಹೌದೆಂದುಕೊಂಡು, ದಿನ ಬದಲಾಯಿತೆಂದು ಅವನು ತಿಳಿದ. ಎಷ್ಟಾದರೂ ಮಾತು ಕೊಟ್ಟವರು, ಅರ್ಧ ಜನವಾದರೂ ಬಂದೇ ಬರುತ್ತಾರೆ ಎಂದು ಅವಳು ನಂಬಿದಳು.

ವಿಚಾರಣೆಗೆ ಇಬ್ಬರು ಬಂದರು. ಫಾತಿಹಾ ಓದಿದ ಸೀದಿ ಅಲ್ಲಾಲ್, ಆಗ ಅವನಿಗೆ ಕಣ್ಣು ಪೂರಾ ಹೋಗಿತ್ತು. ಅವನ ಕೈ ಹಿಡಿದುಕೊಂಡು ಕುಂಟ ಬೆನ್ನಾಸರ್. ಇಬ್ಬರಿಗೂ ಕುರಿಗಳಿರಲಿಲ್ಲ.

"ಉಳಿದವರು?" ನ್ಯಾಯಾಧೀಶರು ಕೇಳಿದರು.

ಲಹ್ಸೆನ್ ಬಾಗಿಲ ಕಡೆ ನೋಡಿದರು. ಆಮೇಲೆ ಇತ್ತೋಳ ಕಡೆ ನೋಡಿದರು. ಅವಳು ತಲೆವಸ್ತ್ರದ ಅಂಚನ್ನು ಕಚ್ಚಿಕೊಂಡು ಕೂತಿದ್ದಳು.

"ಸ್ವಾಮಿ, ಅವರೆಲ್ಲ ಮೇಲಿದಾರೆ," ಎಂದ ಬೆನ್ನಾಸರ್.

"ಮೇಲೆ ಅಂದ್ರೆ? ಎಲ್ಲರೂ ತೀರ್ಕೊಂಡ್ರಾ?"

"ಇಲ್ಲ ಸ್ವಾಮಿ, ಹುಲ್ಲಿಗೆ ಹೋಗಿದಾರೆ."

ಸಭಾಂಗಣದಲ್ಲಿ ಕೆಲವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ತಾಳ್ಮೆಯ ಮನುಷ್ಯ, ಆದರೆ ಅವರ ಮುಂದೆ ಅಂಥವು ನೂರಿದ್ದವು. ರಜೆ ಕಳೆದು, ಶರತ್ಕಾಲವೂ ಕಳೆದು, ಚಳಿಯಲ್ಲಿ ಮತ್ತೊಂದು ದಿನ ಕೊಟ್ಟರು.

ಹೊರಗೆ ಕಿತ್ತಳೆ ಮರದ ಕೆಳಗೆ ಲಹ್ಸೆನ್ ಕೇಳಿದರು: "ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ ಲಾಲ್ಲಾ? ಒಂದು ಮಾತು ಹೇಳಿದ್ರೆ ನಾನು ದಿನ ಬದಲಾಯಿಸ್ತಿದ್ದೆ."

"ನೀವು ಸುಮ್ಮನೆ ಮಾಡ್ಕೊಡ್ತಾ ಇದ್ರಿ. ಯಾವ ಮುಖ ಇಟ್ಕೊಂಡು ಹೇಳ್ಲಿ ಉಸ್ತಾದ್?"

ಅವರು ಗೌನನ್ನು ಮಡಚಿ ಚೀಲಕ್ಕೆ ಹಾಕಿದರು. ಸರಿಯಾಗಿ ಮಡಚಲು ಬಾರದೆ ಮತ್ತೆ ಬಿಚ್ಚಿ ಮಡಚಿದರು.

ವಸತಿಗೃಹದ ಜಾಗ ಬೇರೆ ಹುಡುಗಿಗೆ ಹೋಯಿತು. ಇಝಾ ಕೆಲವು ದಿನ ಶಾಲೆಯ ಚೀಲವನ್ನು ಬಾಗಿಲ ಹಿಂದಿನ ಮೊಳೆಯಿಂದ ತೆಗೆಯಲು ಬಿಡಲಿಲ್ಲ. ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಮಿಮೌನ್‌ನ ಹೆಂಡತಿಯ ಕಡೆಯವರು ಬಂದು, ಮೆಕ್ನೆಸ್‌ನ ಒಳ್ಳೆಯ ಮನೆಯೊಂದರಲ್ಲಿ ಕೆಲಸಕ್ಕೆ ಹುಡುಗಿ ಬೇಕಂತೆ, ದೊಡ್ಡ ಪಟ್ಟಣ ಎಂದರು. ಬರೀ ಚಳಿಗಾಲದ ಮಟ್ಟಿಗೆ, ಕಾಗದ ಬಂದ ಕೂಡಲೇ ಕರೆತಂದರಾಯಿತು ಎಂದರು. ಮನೆಯಲ್ಲಿ ಹಿಟ್ಟಿರಲಿಲ್ಲ. ಇತ್ತೋ ಬೇಡವೆನ್ನಲಿಲ್ಲ. ಬಸ್ಸು ಹೊರಟಾಗ ಇಝಾ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದಳು, ಕೈ ಬೀಸಲಿಲ್ಲ.

ಚಳಿಯಲ್ಲಿ ಹನ್ನೆರಡು ಜನರೂ ಬಂದರು. ಮಿಮೌನ್ ಸಾಕ್ಷಿ ಹೇಳುವಾಗ ಅತ್ತುಬಿಟ್ಟ. ತೀರ್ಪು ಬಂತು. ಇಝಾ ಝಾಯಿದನ ಮಗಳೆಂದು ಸರ್ಕಾರವೂ ಒಪ್ಪಿತು. ಇತ್ತೋ ಫಾದ್ಮಾಳ ಫೋನಿನಿಂದ ಮೆಕ್ನೆಸ್‌ಗೆ ಮಾತಾಡಿದಳು.

"ಬಾ ಮಗಳೇ. ಈಗ ಯಾರೂ ನಿನ್ನ ತಡೆಯಂಗಿಲ್ಲ."

"ಬಂದು ಏನ್ ಮಾಡ್ಲಿ ಅವ್ವ? ಚಿಕ್ಕ ಹುಡುಗಿಯರ ಜೊತೆ ಕೂರ್ಲಾ? ಅಜ್ಜಿ ಔಷಧಿಗೆ ದುಡ್ಡು ಯಾರು ಕಳಿಸ್ತಾರೆ? ಇರ್ಲಿ ಬಿಡು. ಕಾಗದ ಜೋಪಾನವಾಗಿಡು." ಹಿಂದೆ ಯಾರೋ ಕೂಗಿದರು. "ಬಂದೆ ಲಾಲ್ಲಾ," ಎಂದು ಇಝಾ ಪಟ್ಟಣದವರ ಅರಬ್ಬಿಯಲ್ಲಿ ಉತ್ತರ ಕೊಟ್ಟದ್ದು ಇತ್ತೋಳಿಗೆ ಕೇಳಿಸಿತು.

ಆ ವರ್ಷದಿಂದಲೇ ಲಹ್ಸೆನ್ ಮೊಟ್ಟೆ ಕೇಳತೊಡಗಿದರು. ಯಾರೇ ಬಂದರೂ ಮೊದಲು ಒಂದು ಮೊಟ್ಟೆ ಕೊಡಬೇಕು. ಕೋಳಿ ಇಲ್ಲದವರು ನೆರೆಯಿಂದ ತರಬೇಕು. ಅದನ್ನು ಫಾದ್ಮಾ ಬೇಯಿಸಿ ಜೀರಿಗೆ ಉಪ್ಪು ಹಚ್ಚಿ ಎರಡು ಭಾಗ ಮಾಡಿ ತರುತ್ತಿದ್ದಳು. ಒಂದು ಭಾಗ ಅವರಿಗೆ, ಒಂದು ಬಂದವರಿಗೆ.

"ಇದು ನನ್ನ ಫೀಜು," ಎನ್ನುತ್ತಿದ್ದರು. "ಫೀಜು ಕೊಟ್ಟಿದ್ದೀರಿ, ಇನ್ನು ನೀವು ನನ್ನ ಬೈಬಹುದು. ಯಾವ ದಿನ ಆಗಲ್ಲ ಹೇಳಿ. ಯಾರು ಬರಲ್ಲ ಹೇಳಿ."

"ಮುದಿಯನಿಗೆ ಮೊಟ್ಟೆ ಚಟ," ಎಂದು ಸಂತೆಯವರು ಆಡಿಕೊಂಡರು. ಹಲ್ಲು ಕೀಳುವವನಂತೂ, "ನಾನೂ ಇನ್ನು ಹಲ್ಲಿಗೊಂದು ಕೋಳಿ ಕೇಳ್ತೀನಿ," ಎಂದು ಸಾರಿದ. ಇತ್ತೋ ಮರುಬುಧವಾರವೇ ಒಂದು ಮೊಟ್ಟೆ ತಂದುಕೊಟ್ಟಳು. ಅವಳ ಕೇಸು ಮುಗಿದಿತ್ತು, ಆದರೂ ಕೊಟ್ಟಳು. ಅವರು ತೆಗೆದುಕೊಂಡು, ಅವಳು ಬೈಯಲಿ ಎಂದು ಕಾದರು. ಅವಳು ತನ್ನ ಅರ್ಧವನ್ನು ತಿಂದು ಎದ್ದುಹೋದಳು.

ವರ್ಷಗಳು ಕಳೆದವು. ಬಡವರಿಗೆ ದುಡ್ಡು ತೆಗೆದುಕೊಳ್ಳದೆ ದುಡಿದ ವಕೀಲರನ್ನು ಗೌರವಿಸಬೇಕೆಂದು ಆ ಭಾಗದ ವಕೀಲರು ಸೇರಿ ಮೆಕ್ನೆಸ್‌ನಲ್ಲಿ ಸಭೆ ಇಟ್ಟರು. ವಿಚಾರಿಸಲು ವಿದಾದ್ ಎಂಬ ತರುಣ ವಕೀಲೆ ಸಂತೆಗೆ ಬಂದಳು. ಮೊಟ್ಟೆಗಳನ್ನು ನೋಡಿ ಗಾಬರಿಯಾದಳು.

"ಉಸ್ತಾದ್, ಏನೂ ತಗೊಳ್ಳದವರಿಗೆ ಮಾತ್ರ ಅಂತ ನಿಯಮ ಇದೆ. ಇದು ಕಾಣಿಕೆ ಅಂತ ಬರ್ಕೊಳ್ಳಾ?"

"ಬೇಡ ಮಗು. ಫೀಜು ಅಂತಲೇ ಬರ್ಕೋ."

ಅವಳು ಏನು ಬರೆದುಕೊಂಡಳೋ, ಪಟ್ಟಿಯಲ್ಲಿ ಅವರ ಹೆಸರು ಉಳಿಯಿತು. ಸಹಾಯ ಪಡೆದವರೊಬ್ಬರು ನಾಲ್ಕು ಮಾತಾಡಬೇಕು ಎಂದು ಇತ್ತೋಳನ್ನೂ ಕರೆದರು. ಇತ್ತೋ ಒಪ್ಪಿದ್ದು ಮೆಕ್ನೆಸ್‌ನಲ್ಲಿ ಇಝಾ ಇದ್ದಾಳೆ ಎಂಬ ಕಾರಣಕ್ಕೆ.

ಸಭಾಂಗಣದ ತುಂಬ ಕರಿ ಗೌನುಗಳು, ಮೇಜಿನ ಮೇಲೆ ಬಾದಾಮಿಯ ಸಿಹಿ. ಅಧ್ಯಕ್ಷರು ಲಹ್ಸೆನ್‌ರ ಬಗ್ಗೆ ಓದುತ್ತ, "ಇವರಿಂದಾಗಿ ಒಬ್ಬ ಬಡ ಹುಡುಗಿಗೆ ತಂದೆಯ ಹೆಸರು ದೊರೆಯಿತು," ಎಂದಾಗ ಜನ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಹಿಂದಿನ ಬಾಗಿಲು ತೆರೆದು ಇಝಾ ಒಳಗೆ ಬಂದಳು. ರಜೆ ಸಿಕ್ಕಿರಲಿಲ್ಲ, ಯಜಮಾನಿಯ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡೇ ಬಂದಿದ್ದಳು. ಅವಳ ಕೈಗಳು ಇತ್ತೋಳ ಕೈಗಳಿಗಿಂತ ಮುದಿಯಾಗಿ ಕಂಡವು. ಚಪ್ಪಾಳೆ ಯಾರಿಗೆಂದು ತಿಳಿಯದೆ ಅವಳೂ ಮಗುವಿನ ಎರಡು ಅಂಗೈ ಹಿಡಿದು ತಟ್ಟಿಸಿದಳು.

ಇತ್ತೋಳನ್ನು ಮೈಕಿನ ಮುಂದೆ ನಿಲ್ಲಿಸಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಿದ್ದವು: ದೇವರು ಅವರಿಗೆ ಆಯಸ್ಸು ಕೊಡಲಿ, ಅವರಂಥವರು ಇನ್ನಷ್ಟು ಹುಟ್ಟಲಿ. ಅವಳು ಲಹ್ಸೆನ್‌ರ ಕಡೆ ತಿರುಗಿದಳು.

"ಉಸ್ತಾದ್, ನಾನು ಹೇಳ್ಲಿಲ್ಲ. ನಂದೇ ತಪ್ಪು," ಎಂದಳು. ಮೈಕು ಕಿರುಗುಟ್ಟಿತು. "ಆದ್ರೆ ನೀವು ಯಾಕೆ ಕೇಳ್ಲಿಲ್ಲ? ನೀವೂ ಬೆಟ್ಟದೋರೇ ಅಲ್ವಾ? ಆ ತಿಂಗಳಲ್ಲಿ ಅಗ್ದಲ್ ತೆರೀತಾರೆ ಅಂತ ನಿಮಗೆ ಗೊತ್ತಿರ್ಲಿಲ್ವಾ? ನನ್ನ ಮಗಳು ನೋಡಿ, ಅಲ್ಲಿ ನಿಂತಿದಾಳೆ. ತರಗತಿಗೇ ಮೊದಲಿದ್ಲು ಅವಳು."

ಅಧ್ಯಕ್ಷರು ಕೆಮ್ಮಿದರು. ವಿದಾದ್ ಮೈಕಿನ ಕಡೆ ಹೆಜ್ಜೆ ಇಟ್ಟಳು. ಲಹ್ಸೆನ್ ಕೈಯೆತ್ತಿ ಅವಳನ್ನು ತಡೆದು ಎದ್ದು ನಿಂತರು.

"ನಮ್ಮಪ್ಪನಿಗೆ ಕುರಿ ಇರ್ಲಿಲ್ಲ ಲಾಲ್ಲಾ," ಎಂದರು. "ಮೇಷ್ಟ್ರಾಗಿದ್ರು. ನಂಗೆ ಗೊತ್ತಿರ್ಲಿಲ್ಲ. ಕೇಳ್ಬೇಕಿತ್ತು."

ಅವರು ತಲೆ ತಗ್ಗಿಸಿ ನಿಂತೇ ಇದ್ದರು, ಅವಳು ಇನ್ನೂ ಏನಾದರೂ ಹೇಳಬಹುದು ಎಂಬಂತೆ. ಅವಳು ಮೈಕಿನಿಂದ ಹಿಂದೆ ಸರಿದಳು. ಹಿತ್ತಾಳೆಯ ಫಲಕವನ್ನು ಕೊಟ್ಟರು, ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ಫೋಟೊದಲ್ಲಿ ಲಹ್ಸೆನ್ ನೆಲ ನೋಡುತ್ತಿದ್ದಾರೆ.

ಬಾಗಿಲ ಬಳಿ ಇಝಾ ತಾಯಿಯ ಕೈಗೆ ಮುತ್ತಿಟ್ಟಳು. "ಯಾಕವ್ವ, ಅಷ್ಟು ಜನರ ಮುಂದೆ ಪಾಪ ಮುದುಕನ್ನ ಬೈದೆ?"

"ಊಟ ಮಾಡಿದ್ಯಾ?"

"ಆಯ್ತು. ಮಗು ನಿದ್ದೆ ಹೊತ್ತು, ಹೊರಡ್ಬೇಕು." ಎರಡು ಹೆಜ್ಜೆ ಹೋಗಿ ತಿರುಗಿ ಕೇಳಿದಳು, "ಬಾಗಿಲ ಹಿಂದೆ ಆ ಚೀಲ ಇನ್ನೂ ಇದೆಯಾ?"

"ಇದೆ."

ಇಝಾ ತಲೆಯಾಡಿಸಿ ರಸ್ತೆ ದಾಟಿದಳು. ವಾಪಸು ಬರುವಾಗ ಇತ್ತೋ ಮತ್ತು ಲಹ್ಸೆನ್ ಒಂದೇ ಬಾಡಿಗೆ ಕಾರಿನಲ್ಲಿ ಮತ್ತೆ ನಾಲ್ವರ ಜೊತೆ ಒತ್ತಿಕೊಂಡು ಕೂತರು. ಫಲಕ ಲಹ್ಸೆನ್‌ರ ತೊಡೆಯ ಮೇಲಿತ್ತು. ತಿರುವುಗಳಲ್ಲಿ ಅದು ಇತ್ತೋಳ ಮೊಣಕಾಲಿಗೆ ತಗಲುತ್ತಿತ್ತು, ಅವರು ಪ್ರತಿಸಲವೂ ಎಳೆದುಕೊಳ್ಳುತ್ತಿದ್ದರು.

ಇಝಾ ಈಗಲೂ ಮೆಕ್ನೆಸ್‌ನಲ್ಲೇ ಇದ್ದಾಳೆ. ಫಲಕವನ್ನು ಫಾದ್ಮಾ ಮೊಟ್ಟೆ ಬೇಯುವ ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದಾಳೆ, ಲಹ್ಸೆನ್ ಅದನ್ನು ವಾಪಸು ಕೇಳಿಲ್ಲ. ಅವರಿಗೆ ವಯಸ್ಸಾಗಿದೆ, ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಬುಧವಾರ ಸಂತೆಗೆ ಬರುತ್ತಾರೆ, ನೀಲಿ ತಾಡಪಾಲಿನ ಕೆಳಗೆ ಪೆಟ್ಟಿಗೆಯ ಮೇಲೆ ಕೂರುತ್ತಾರೆ, ಬಂದವರಿಂದ ಒಂದು ಮೊಟ್ಟೆ ತೆಗೆದುಕೊಳ್ಳುತ್ತಾರೆ, ಕೇಸು ಏನೆಂದು ಕೇಳುವ ಮೊದಲು ಯಾವ ದಿನ ಬರಲಾಗುವುದಿಲ್ಲ ಎಂದು ಕೇಳುತ್ತಾರೆ.