ಕೋಮಲ ನಿಲ್ಲಿಸಿದ ನಾಯಿಮರಿ ವ್ಯಾಪಾರ

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೋಮಲ ಅಂಗಡಿ ತೆರೆದದ್ದು ಬಣ್ಣದ ಮೀನುಗಳನ್ನು ನಂಬಿಕೊಂಡು. ಆಮೇಲೆ ಪಂಜರದ ಹಕ್ಕಿಗಳು ಬಂದವು, ಕೋಳಿ ಮೇವು ಬಂತು. ನಾಯಿಮರಿಗಳು ಬಂದ ಮೇಲಂತೂ ಅಂಗಡಿಯ ಮುಂದೆ ಜನ ತಪ್ಪಲಿಲ್ಲ. ಸ್ಕೂಲು ಬಿಟ್ಟ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರೆ ಅಮ್ಮಂದಿರು ಎಳೆದರೂ ಕದಲುತ್ತಿರಲಿಲ್ಲ.

ಮರಿಗಳನ್ನು ತಂದುಕೊಡುತ್ತಿದ್ದವನು ಚಿನ್ನಸ್ವಾಮಿ ಎಂಬ ದಲ್ಲಾಳಿ. ಅರ್ಧ ಕನ್ನಡ, ಅರ್ಧ ತಮಿಳು, ಮಾತು ಮಾತ್ರ ಬೆಣ್ಣೆ. ಅವನ ಬುಟ್ಟಿಯಲ್ಲಿ ಲ್ಯಾಬ್ರಡಾರ್, ಪಗ್, ಪೊಮೆರೇನಿಯನ್ ಮರಿಗಳು. ಒಂದೊಂದಕ್ಕೂ ಚಿನ್ನದ ಬಣ್ಣದ ಮುದ್ರೆಯಿದ್ದ ವಂಶದ ಸರ್ಟಿಫಿಕೇಟು. ಗಿರಾಕಿಗಳು ಅದನ್ನು ಓದಿ ಖುಷಿಪಡುತ್ತಿದ್ದರು, ಕೋಮಲಳೂ ನಂಬಿದ್ದಳು.

ಕಾಮಗೆರೆಯ ರೈತ ಶಿವರುದ್ರಸ್ವಾಮಿ ಮೊಮ್ಮಗಳಿಗೆಂದು ಒಂದು ಲ್ಯಾಬ್ರಡಾರ್ ಮರಿ ಒಯ್ದರು. ಮನೆ ಸೇರಿದ ಮರಿಗೆ ವಾಂತಿ, ರಕ್ತಭೇದಿ ಶುರುವಾಯಿತು. ಪಶುವೈದ್ಯರು ಡ್ರಿಪ್ ಹಾಕಿದರೂ ಉಳಿಯಲಿಲ್ಲ. ಶಿವರುದ್ರಸ್ವಾಮಿ ಅಂಗಡಿಗೆ ಬಂದಾಗ ಕೋಮಲ ಬೈಸಿಕೊಳ್ಳಲು ಸಿದ್ಧವಾಗಿಯೇ ನಿಂತಿದ್ದಳು. ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, ಟವಲಿನಲ್ಲಿ ಮುಖ ಒರೆಸಿಕೊಂಡರು.

“ನಾವು ಒಂದು ಕರ ತಕಬೇಕಾದ್ರೂ ಅದ್ರ ತಾಯ್ನ ನೋಡ್ತೀವಿ ಕಣವ್ವ. ಈ ಮರಿ ತಾಯ್ನ ನೀನು ನೋಡಿದ್ಯಾ?”

ಕೋಮಲ ನೋಡಿರಲಿಲ್ಲ. ನೋಡಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಮುಂದಿನ ಸಲ ಚಿನ್ನಸ್ವಾಮಿ ಬುಟ್ಟಿ ಇಳಿಸುವ ಮೊದಲೇ ಅದನ್ನೇ ಕೇಳಿದಳು. ಅವನು ನಕ್ಕುಬಿಟ್ಟ.

“ತಾಯಿ ಯಾಕಮ್ಮಾ? ಪೇಪರ್ ಇದೆಯಲ್ಲ. ಅಪ್ಪನ ಹೆಸರು ಯಾವುದು ಬೇಕು ಹೇಳಿ, ಅದನ್ನೇ ಬರೆಸ್ಕೊಂಡು ಬರ್ತೀನಿ.”

ಕೋಮಲ ನಗಲಿಲ್ಲ. “ನಿನ್ ಶೆಡ್ ತೋರ್ಸು. ಇಲ್ದಿದ್ರೆ ಬುಟ್ಟಿ ವಾಪಸ್ ತಕಂಡೋಗು.”

ಅಂಗಡಿ ಕೈತಪ್ಪೀತೆಂದು ಚಿನ್ನಸ್ವಾಮಿ ಒಪ್ಪಿದ. ಗಂಡ ಪರಮೇಶನ ಗೂಡ್ಸ್ ಆಟೋದಲ್ಲಿ ಇಬ್ಬರೂ ಚಿನ್ನಸ್ವಾಮಿಯ ಹಿಂದೆಯೇ ಹೊರಟರು. ಹನೂರು ದಾಟಿ, ಕೌದಳ್ಳಿ ದಾಟಿ, ಜೋಳದ ಹೊಲಗಳ ನಡುವೆ ಒಂದು ತಗಡಿನ ಶೆಡ್. ಬಾಗಿಲು ತೆರೆಯುವ ಮೊದಲೇ ನಾತ ಮೂಗಿಗೆ ಬಡಿಯಿತು. ಒಂದರ ಮೇಲೊಂದು ಪೇರಿಸಿದ ತಂತಿಯ ಗೂಡುಗಳು, ಒಳಗೆ ತಾಯಿನಾಯಿಗಳು. ಜೋತುಬಿದ್ದ ಮೊಲೆ, ಪಿಸುರು ಕಟ್ಟಿದ ಕಣ್ಣು. ಯಾವುದೂ ಬೊಗಳಲಿಲ್ಲ. ಒಂದೇ ತಾಯಿಯ ಮಕ್ಕಳನ್ನು ಒಂದೇ ಗೂಡಿಗೆ ಹಾಕಿ ಮರಿ ಮಾಡಿಸುತ್ತಿದ್ದರು. “ಅಣ್ಣ ತಂಗಿ ಅಂತ ನಾಯಿಗೆ ಏನಮ್ಮಾ ಗೊತ್ತು?” ಎಂದ ಚಿನ್ನಸ್ವಾಮಿ.

ಮೂಲೆಯಲ್ಲಿ ಒಂದು ಮುದಿ ಲ್ಯಾಬ್ರಡಾರ್ ಬಿದ್ದಿತ್ತು. ಅದು ಇನ್ನು ಮರಿ ಹಾಕುವುದಿಲ್ಲವೆಂದೂ ಕಾಡಂಚಿನಲ್ಲಿ ಬಿಟ್ಟುಬರುವುದೆಂದೂ ಶೆಡ್ಡಿನ ಕೆಲಸದವನು ಹೇಳಿದ. ಕೋಮಲ ಯಾರನ್ನೂ ಕೇಳದೆ ಅದನ್ನು ಎರಡು ಕೈಯಲ್ಲಿ ಬಾಚಿ ಎತ್ತಿ ಆಟೋಗೆ ಹಾಕಿದಳು.

“ಇದ್ಯಾಕ್ಲೇ ಇದು?” ಎಂದ ಪರಮೇಶ.

“ಇರ್ಲಿ. ನೀನು ಗಾಡಿ ಬುಡು.”

ಮನೆಯಂಗಳದಲ್ಲಿ ಇಳಿಸಿದಾಗ ಆ ನಾಯಿ ಒಂದೊಂದೇ ಕಾಲನ್ನು ಮೇಲೆತ್ತಿ ನಡುಗುತ್ತಾ ನಿಂತಿತು. ಹುಟ್ಟಿದಂದಿನಿಂದ ತಂತಿಯ ಮೇಲೇ ಬದುಕಿದ್ದ ಅದಕ್ಕೆ ಮಣ್ಣು ಗೊತ್ತಿರಲಿಲ್ಲ. ಕೋಮಲ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಅದು ತಾನಾಗಿ ಒಂದು ಹೆಜ್ಜೆ ಇಡುವವರೆಗೂ ಏಳಲಿಲ್ಲ.

ಮಾರನೆಯ ದಿನವೇ ಪಶುಸಂಗೋಪನೆ ಕಚೇರಿಗೆ ಹೋಗಿ ದೂರು ಕೊಟ್ಟಳು. ಅಧಿಕಾರಿಗಳು ಹೋಗುವಷ್ಟರಲ್ಲಿ ಶೆಡ್ ಖಾಲಿಯಾಗಿತ್ತು. ಚಿನ್ನಸ್ವಾಮಿ ಬೇರೆ ಊರಿನಲ್ಲಿ ಬೇರೆ ಅಂಗಡಿ ಹುಡುಕಿಕೊಂಡನೆಂದು ಸುದ್ದಿ ಬಂತು. ಅದು ಅವಳನ್ನು ಈಗಲೂ ಚುಚ್ಚುತ್ತದೆ. ಅಂಗಡಿಯಲ್ಲಿ ಮರಿಗಳ ಗಾಜಿನ ಪೆಟ್ಟಿಗೆ ತೆಗೆಸಿ ಅಲ್ಲಿ ಮೇವಿನ ಮೂಟೆ ಪೇರಿಸಿದಳು. ವ್ಯಾಪಾರ ಇಳಿಯಿತು.

“ನೀನು ಮಾರ್ದಿದ್ರೆ ಇನ್ನೊಬ್ಬ ಮಾರ್ತಾನೆ ಕಣೆ,” ಎಂದು ಪರಮೇಶ ಗೊಣಗಿದ.

“ಮಾರ್ಲಿ. ನೋಡ್ಬಂದ ಮೇಲೆ ನನ್ ಕೈಲಾಗಲ್ಲ.”

ಪರಮೇಶ ಅಂದಿನಿಂದ ಆ ಮುದಿ ನಾಯಿಗೆ ಹಾಲನ್ನ ಕಲಸುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡ.

ಮರಿ ಬೇಕೆಂದು ಬಂದವರನ್ನು ಕೋಮಲ ಬರಿಗೈಲಿ ಕಳಿಸುವುದಿಲ್ಲ. ಬಂಡಳ್ಳಿಯ ಪುಟ್ಟಗೌರಮ್ಮನ ಹಟ್ಟಿಯಲ್ಲೋ, ಇನ್ನೆಲ್ಲೋ ಹೊಲದ ಮನೆಯಲ್ಲೋ ನಾಯಿ ಮರಿ ಹಾಕಿದ್ದರೆ ಅಲ್ಲಿಗೆ ತಾನೇ ಕರೆದೊಯ್ಯುತ್ತಾಳೆ. ತಾಯಿಯನ್ನು ನೋಡಬೇಕು, ಮರಿ ಹಾಲು ಬಿಡುವವರೆಗೆ ಕಾಯಬೇಕು, ಲಸಿಕೆ ಹಾಕಿಸಬೇಕು. ಇದಕ್ಕೆ ಅವಳು ದುಡ್ಡು ಮುಟ್ಟುವುದಿಲ್ಲ. ಮೊದಮೊದಲು ಬೀದಿಯವರು ನಕ್ಕರು. ಈಗ ಅವರಲ್ಲೇ ಕೆಲವರ ಮನೆ ಕಾಯುವುದು ಬಂಡಳ್ಳಿಯ ನಾಯಿಗಳೇ.

ಹೋದ ವಾರ ಯಳಂದೂರಿನಿಂದ ಗಂಡ ಹೆಂಡತಿ ಇಬ್ಬರು ಕಾರಿನಲ್ಲಿ ಬಂದಿದ್ದರು. ಫೋನಿನಲ್ಲಿ ಪಗ್ ಚಿತ್ರ ತೋರಿಸಿ, ಇಂಥದ್ದೇ ಬೇಕು, ಪೇಪರ್ ಸಮೇತ ಎಂದರು. ಆ ಚಪ್ಪಟೆ ಮೂಗಿನಲ್ಲಿ ಅದು ಉಸಿರಾಡಲು ಎಷ್ಟು ಒದ್ದಾಡುತ್ತದೆಂದು ಕೋಮಲ ಸಮಾಧಾನವಾಗಿ ವಿವರಿಸಿದಳು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಗಂಡನಿಗೆ ಬೇಸರವಾಗಿ, ಮೈಸೂರಿನಲ್ಲಿ ಸಿಗುತ್ತದೆ ಬಾ ಎಂದು ಹೊರಟ. ಕಾರು ತಿರುಗುವಾಗ ಹೆಂಡತಿ ಗಾಜು ಇಳಿಸಿ ಅಂಗಡಿಯ ಬೋರ್ಡಿನಲ್ಲಿದ್ದ ನಂಬರಿನ ಫೋಟೋ ತೆಗೆದುಕೊಂಡಳು. ಕೋಮಲ ಸೆರಗು ಸಿಕ್ಕಿಸಿ ಮೀನಿನ ತೊಟ್ಟಿಯ ನೀರು ಬದಲಾಯಿಸಲು ಒಳಗೆ ಹೋದಳು.